ಹೊಡೆದರೆ ಯಾರಿಗೆ ಹೇಳಲಿ, ಬುದ್ಧಿ?



ಕಳೆದ ಅಮಾವಾಸ್ಯೆಯಂದು ಮಠದಲ್ಲಿ ಪೂಜೆ, ಪ್ರಸಾದ ಮುಗಿದು ಭಕ್ತರೆಲ್ಲ ಊರಿನ ಬಸ್ಸು ಹಿಡಿಯುವ ಆತುರದಲ್ಲಿದ್ದರು. ಎಲ್ಲರೂ ನಮಸ್ಕರಿಸಿ ಹೊರಟ ಮೇಲೆ ಕಂಬದ ಪಕ್ಕದಲ್ಲಿ ಒಬ್ಬ ಹಿರಿಯರು ಉಳಿದರು. ವಯಸ್ಸು ಎಂಬತ್ತರ ಹತ್ತಿರ. ತಲೆಗೆ ರುಮಾಲು, ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ನಾಲ್ಕು ಮಡಿಕೆಯಾದ ಬಣ್ಣದ ಕಾಗದ. ಅದು ದೂರದ ಪಟ್ಟಣದ ಒಂದು ವೃದ್ಧಾಶ್ರಮದ ಪರಿಚಯ ಪತ್ರ. ಹೂದೋಟ, ಹಸನಾದ ಮಂಚ, ನಗುತ್ತಿರುವ ದಾದಿ, ಎಲ್ಲವೂ ಅದರಲ್ಲಿದ್ದವು.

“ಮಗ ಕಳಿಸ್ಯಾನೆ ಬುದ್ಧಿ. ಹೋಗ್ಲೋ ಬ್ಯಾಡ್ವೋ ನೀವೇ ಹೇಳಿ” ಎಂದರು.

ಮಗ ಕೆಟ್ಟವನಲ್ಲ. ಬೆಂಗಳೂರಿನಲ್ಲಿ ಕೆಲಸ, ಮೂರನೆಯ ಮಹಡಿಯಲ್ಲಿ ಬಾಡಿಗೆ ಮನೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಕತ್ತಲಾದ ಮೇಲೆ ಬರುವವರು. ಊರಿನಲ್ಲಿ ಈ ಹಿರಿಯರ ಮನೆಯವರು ತೀರಿಕೊಂಡು ಮೂರು ವರ್ಷ. ಎರಡು ಬಾರಿ ಬಚ್ಚಲಿನಲ್ಲಿ ಜಾರಿ ಬಿದ್ದಿದ್ದಾರೆ. ಮಗನ ಚಿಂತೆ ನಿಜವಾದದ್ದೇ. ನಾವು, “ಅಲ್ಲಿ ಊಟ ಔಷಧಿ ಹೊತ್ತಿಗೆ ಸರಿಯಾಗಿ ಸಿಗುತ್ತದಲ್ಲವೇ? ನಿಮಗೇನು ಅಂಜಿಕೆ?” ಎಂದು ಕೇಳಿದೆವು.

ಆ ಹಿರಿಯರು ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತರು. ಆಮೇಲೆ ಹೇಳಿದರು: “ಹೊಡೀತಾರೆ ಅಂತ ಅಂಜಿಕೆ ಇಲ್ಲ ಬುದ್ಧಿ. ಸಾಲಿನಾಗೆ ಮೇಷ್ಟ್ರು ಹೊಡೆದ್ರು, ಅಪ್ಪ ಹೊಡೆದ, ತಡ್ಕೊಂಡೀನಿ. ಆದ್ರೆ ಅಲ್ಲಿ ಹೊಡೆದ್ರೆ ಯಾರಿಗೆ ಹೇಳ್ಲಿ?”

ಈ ಪ್ರಶ್ನೆಗೆ ನಮ್ಮ ಬಳಿ ತಕ್ಷಣ ಉತ್ತರವಿರಲಿಲ್ಲ. ಮುಂದಿನ ಅಮಾವಾಸ್ಯೆಗೆ ಬನ್ನಿ ಎಂದು ಕಳಿಸಿಕೊಟ್ಟೆವು. ಆ ಒಂದು ತಿಂಗಳಲ್ಲಿ ಓದಿ, ತಿಳಿದವರನ್ನು ಕೇಳಿ ಅರಿತುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇವೆ. ಈ ಪ್ರಶ್ನೆ ಆ ಒಬ್ಬ ಹಿರಿಯರದು ಮಾತ್ರವಲ್ಲ. 2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು ಮಂದಿ ಇದ್ದರು. ಮಕ್ಕಳು ಊರು ಬಿಟ್ಟ ಮನೆಗಳು ಈಗ ಪ್ರತಿ ಬೀದಿಯಲ್ಲೂ ಇವೆ.

ಮೊದಲಿಗೆ ಒಂದು ಮಾತು. ವೃದ್ಧಾಶ್ರಮಗಳೆಲ್ಲ ಕೆಟ್ಟವು ಎಂದು ನಾವು ಹೇಳುವುದಿಲ್ಲ. ಮನೆಯಲ್ಲಿ ಮೂಲೆಗುಂಪಾಗಿದ್ದ ಎಷ್ಟೋ ತಾಯಂದಿರು ಆಶ್ರಮದಲ್ಲಿ ಬಿಸಿ ಅನ್ನ ಕಂಡಿದ್ದಾರೆ. ಹೆತ್ತ ಮಕ್ಕಳು ಮುಟ್ಟದ ಮೈಯನ್ನು ಕೂಲಿಗೆ ಬಂದ ಹೆಣ್ಣುಮಗಳೊಬ್ಬಳು ಬಿಸಿನೀರಲ್ಲಿ ಒರೆಸಿದ್ದಾಳೆ. ಅಂಥವರ ಕಾಯಕಕ್ಕೆ ಕೈ ಮುಗಿಯಬೇಕು. ಆದರೆ ಒಳ್ಳೆಯ ಆಶ್ರಮಕ್ಕೂ ಕೆಟ್ಟ ಆಶ್ರಮಕ್ಕೂ ಹೊರಗಿನ ಗೇಟು ಒಂದೇ ಥರ ಇರುತ್ತದೆ. ಬಣ್ಣದ ಕಾಗದವೂ ಒಂದೇ ಥರ ಇರುತ್ತದೆ.

ಹಿಂಸೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೆತ್ತ, ಬಾಸುಂಡೆ. ಅದೂ ಉಂಟು. ಆದರೆ ಮುಪ್ಪಿನವರಿಗೆ ಆಗುವ ಹಿಂಸೆಯಲ್ಲಿ ಹೆಚ್ಚಿನದಕ್ಕೆ ಬಾಸುಂಡೆ ಮೂಡುವುದಿಲ್ಲ. ರಾತ್ರಿ ಹಾಸಿಗೆ ಒದ್ದೆಯಾದೀತೆಂದು ಸಂಜೆಯಾದ ಮೇಲೆ ನೀರು ಕೊಡದಿರುವುದು ಹಿಂಸೆ. ಕರೆದಾಗ “ಬಂದೆ” ಎಂದು ಹೇಳಿ ಬಾರದಿರುವುದು ಹಿಂಸೆ. ಗಲಾಟೆ ಮಾಡದೆ ಬಿದ್ದಿರಲಿ ಎಂದು ನಿದ್ದೆಯ ಮಾತ್ರೆ ನುಂಗಿಸುವುದು, ಎದ್ದು ಓಡಾಡಿದರೆ ನೋಡಿಕೊಳ್ಳುವುದು ಕಷ್ಟವೆಂದು ಕೈಯನ್ನು ಮಂಚಕ್ಕೆ ಕಟ್ಟುವುದು, ಮಗ್ಗುಲು ಬದಲಿಸದೆ ಬಿಟ್ಟು ಬೆನ್ನು ಹುಣ್ಣಾಗಲು ಬಿಡುವುದು, ಕನ್ನಡಕವನ್ನೋ ಹಲ್ಲಿನ ಸೆಟ್ಟನ್ನೋ ಎತ್ತಿಡುವುದು, ಇವೆಲ್ಲವೂ ಹಿಂಸೆಯೇ. ಓದು ಬಾರದವರ ಪಿಂಚಣಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಕಳವು. ಸ್ನಾನ ಮಾಡಿಸುವ ನೆಪದಲ್ಲಿ ಕೊರಳಿನ ಇಷ್ಟಲಿಂಗವನ್ನೋ ತಾಳಿಯನ್ನೋ ತೆಗೆದಿಟ್ಟು ಎರಡು ದಿನ ಕೊಡದೆ ಹೋದರೆ, ಆ ಜೀವ ಎಷ್ಟು ತಳಮಳಿಸುತ್ತದೆಂಬುದನ್ನು ಹೊರಗಿನವರು ಅರಿಯರು. ಇನ್ನು ಏಕವಚನ. ಐವತ್ತು ವರ್ಷ ಊರ ಪಂಚಾಯ್ತಿ ಕಟ್ಟೆಯಲ್ಲಿ “ಗೌಡ್ರೇ” ಎಂದು ಕರೆಸಿಕೊಂಡವರನ್ನು ಇಪ್ಪತ್ತರ ಹುಡುಗ “ಏಯ್ ಮುದುಕಾ, ಬಾಯಿ ತೆಗಿ” ಎಂದರೆ, ಆ ಅನ್ನ ಗಂಟಲಲ್ಲಿ ಇಳಿದೀತೇ?

ಶ್ರವಣಕುಮಾರನ ಕತೆಯನ್ನು ನಾವೆಲ್ಲ ಕೇಳಿದ್ದೇವೆ. ಹೆತ್ತವರನ್ನು ಕಾವಡಿಯಲ್ಲಿ ಹೊತ್ತದ್ದನ್ನು ಹೊಗಳುತ್ತೇವೆ. ಅವನು ಪ್ರಾಣ ಬಿಟ್ಟದ್ದು ಏತಕ್ಕೆ ಹೋದಾಗ ಎಂಬುದನ್ನು ಮಾತ್ರ ಮರೆಯುತ್ತೇವೆ. ಕಣ್ಣಿಲ್ಲದ ಆ ಇಬ್ಬರು ಮುದುಕರಿಗೆ ಬಾಯಾರಿತ್ತು. ಅವನು ಹೋದದ್ದು ಒಂದು ಕೊಡ ನೀರಿಗೆ. ಮುಪ್ಪಿನವರ ಬಾಯಾರಿಕೆಗೆ ನಮ್ಮ ಪುರಾಣ ಅಷ್ಟು ಬೆಲೆ ಕೊಟ್ಟಿದೆ.

ಈ ಹಿಂಸೆಯನ್ನು ಅನುಭವಿಸುವವರು ಬಾಯಿ ಬಿಟ್ಟು ಹೇಳುವುದಿಲ್ಲವೇಕೆ? ಕಾರಣ ಸರಳವಾದದ್ದು. ಇಂದು ಯಾರ ಮೇಲೆ ದೂರು ಹೇಳುತ್ತಾರೋ, ರಾತ್ರಿ ಅವರ ಕೈಯಿಂದಲೇ ಅನ್ನ ಉಣ್ಣಬೇಕು. ಮಗ ಬಂದಾಗ ಮೇಲ್ವಿಚಾರಕರು ಪಕ್ಕದಲ್ಲೇ ನಿಂತಿರುತ್ತಾರೆ. ಮೇಲಾಗಿ, ದೂರದಿಂದ ಬಂದ ಮಗ ನೊಂದುಕೊಂಡಾನು ಎಂಬ ಹೆತ್ತ ಕರುಳು. ಇಷ್ಟೆಲ್ಲ ದಾಟಿ ಹೇಳಿದರೂ ನಂಬುವವರಾರು? ಅರವತ್ತಕ್ಕೆ ಅರಳುಮರಳು ಎಂದು ಗಾದೆ ಮಾಡಿಟ್ಟಿದ್ದೇವೆ. “ಅಜ್ಜಿಗೆ ಮರೆವು, ಏನೇನೋ ಹೇಳುತ್ತಾರೆ” ಎಂಬ ಒಂದು ಮಾತಿನ ಹಿಂದೆ ಎಂಥ ತಪ್ಪನ್ನೂ ಅಡಗಿಸಬಹುದು. ಮರೆವಿರುವವರ ಮಾತನ್ನು ತಳ್ಳಿಹಾಕುವ ಮುನ್ನ ಅವರ ಮೈಯನ್ನೊಮ್ಮೆ ನೋಡಬೇಕು. ಮರೆವು ಮೊಣಕೈಯಲ್ಲಿ ಕಂದು ಗಾಯ ಮಾಡುವುದಿಲ್ಲ.

ಇದು ಎಲ್ಲೋ ಒಂದೆರಡು ಕಡೆ ನಡೆಯುವ ಸಂಗತಿ ಎಂದು ಸಮಾಧಾನ ಪಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಹೇಳಿರುವ ಪ್ರಕಾರ, ಇಂಥ ಸಂಸ್ಥೆಗಳಲ್ಲಿ ಕೆಲಸ ಮಾಡುವವರಲ್ಲಿ 3ರಲ್ಲಿ 2 ಮಂದಿ ಹಿಂದಿನ ಒಂದು ವರ್ಷದಲ್ಲಿ ತಾವು ಒಮ್ಮೆಯಾದರೂ ಹಿರಿಯರೊಡನೆ ಕೆಟ್ಟದಾಗಿ ನಡೆದುಕೊಂಡದ್ದನ್ನು ತಾವೇ ಒಪ್ಪಿಕೊಂಡಿದ್ದಾರೆ. ಇವರೆಲ್ಲ ರಾಕ್ಷಸರೇ? ಅಲ್ಲ. ರಾತ್ರಿ ಪಾಳಿಯಲ್ಲಿ ಮೂವತ್ತು ಮಂದಿಗೆ ಒಬ್ಬಳೇ ಹೆಣ್ಣುಮಗಳನ್ನು ಬಿಟ್ಟು, ಕಲಿಸದೆ, ಹೊಟ್ಟೆ ತುಂಬುವಷ್ಟು ಸಂಬಳ ಕೊಡದೆ ಹೋದರೆ ದೇವತೆಯ ತಾಳ್ಮೆಯೂ ಸೋಲುತ್ತದೆ. ಸೇವೆ ಮಾಡುವವರನ್ನು ಆಳಿನಂತೆ ಕಂಡ ಕಡೆ, ಅವರು ಹಿರಿಯರನ್ನು ಮೂಟೆಯಂತೆ ಕಾಣುತ್ತಾರೆ.

ಇಲ್ಲಿ ನಡೆದ ಎರಡು ಸಂಗತಿಗಳನ್ನು ಹೇಳಬೇಕು. ಒಂದು ನಮ್ಮ ನೆರೆಯ ತಮಿಳುನಾಡಿನದು, ಇನ್ನೊಂದು ಸಮುದ್ರದಾಚೆಯ ಆಸ್ಟ್ರೇಲಿಯಾದ್ದು. ದೂರ ಎಷ್ಟೇ ಇದ್ದರೂ ಎರಡರ ಬೀಗ ತೆರೆದ ಕೀಲಿ ಒಂದೇ.

ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ಹಳ್ಳಿಯೊಂದರಲ್ಲಿ ನಿರ್ಗತಿಕರು, ಮನೋರೋಗಿಗಳು, ವೃದ್ಧರು ಎಲ್ಲರನ್ನೂ ಇರಿಸಿಕೊಂಡ ಒಂದು ಆಶ್ರಮವಿತ್ತು. ವಿದೇಶದಲ್ಲಿದ್ದ ಒಬ್ಬರು ತಮ್ಮ ವಯಸ್ಸಾದ ಬಂಧುವನ್ನು 2021ರಲ್ಲಿ ಅಲ್ಲಿಗೆ ಸೇರಿಸಿದ್ದರು. ಮುಂದೆ ನೋಡಲು ಬಂದಾಗ ಆ ಹಿರಿಯರು ಅಲ್ಲಿರಲಿಲ್ಲ. “ಜಾಗ ಸಾಲದೆ ಬೆಂಗಳೂರಿನ ಆಶ್ರಮಕ್ಕೆ ಕಳಿಸಿದ್ದೇವೆ” ಎಂಬ ಉತ್ತರ ಸಿಕ್ಕಿತು. ಬೆಂಗಳೂರಿಗೆ ಬಂದು ನೋಡಿದರೆ ಅಲ್ಲೂ ಇಲ್ಲ. ಅವರು ಸುಮ್ಮನಾಗದೆ ಮದ್ರಾಸ್ ಹೈಕೋರ್ಟಿನ ಬಾಗಿಲು ತಟ್ಟಿದರು. 2023ರ ಫೆಬ್ರವರಿಯಲ್ಲಿ ಅಧಿಕಾರಿಗಳು ಒಳಹೊಕ್ಕು ನೋಡಿದಾಗ ಆಶ್ರಮಕ್ಕೆ ಸರಿಯಾದ ಪರವಾನಗಿಯೇ ಇರಲಿಲ್ಲವೆಂದು ತಿಳಿಯಿತು. 140ಕ್ಕೂ ಹೆಚ್ಚು ಮಂದಿಯನ್ನು ಹೊರತಂದರು. ತಮ್ಮನ್ನು ಸರಪಳಿಯಲ್ಲಿ ಕಟ್ಟುತ್ತಿದ್ದರು, ಹೊಡೆಯುತ್ತಿದ್ದರು, ಸಾಕಿದ ಕೋತಿಗಳನ್ನು ಬಿಟ್ಟು ಹೆದರಿಸುತ್ತಿದ್ದರು ಎಂದು ಅಲ್ಲಿದ್ದವರು ದೂರಿದರು. ನಡೆಸುತ್ತಿದ್ದವರ ಬಂಧನವಾಯಿತು, ತನಿಖೆ ಸಿಬಿಸಿಐಡಿಗೆ ಹೋಯಿತು. ಒಬ್ಬ ಬಂಧು “ನಮ್ಮವರೆಲ್ಲಿ?” ಎಂದು ಕೇಳಿದ್ದರಿಂದ ನೂರಾರು ಮಂದಿಯ ಬಾಗಿಲು ತೆರೆಯಿತು.

ಇನ್ನು ಆಸ್ಟ್ರೇಲಿಯಾ. ಸಿರಿವಂತ ದೇಶ, ಕಾಯಿದೆ ಕಾನೂನು ಗಟ್ಟಿಯಾಗಿರುವ ದೇಶ. ಅಲ್ಲಿನ ಅಡಿಲೇಡ್ ನಗರದ ಓಕ್ಡನ್ ಎಂಬಲ್ಲಿ ಮರೆವು ಮತ್ತು ಮನೋರೋಗವಿದ್ದ ವೃದ್ಧರಿಗಾಗಿ ಸರ್ಕಾರವೇ ನಡೆಸುತ್ತಿದ್ದ ಆರೈಕೆ ಕೇಂದ್ರವಿತ್ತು. 2016ರಲ್ಲಿ ತಪಾಸಣೆಯ ಸಂಸ್ಥೆ ಅದಕ್ಕೆ ಮಾನ್ಯತೆಯನ್ನು ಮುಂದುವರಿಸಿತು. ಕಾಗದದ ಮೇಲೆ ಎಲ್ಲವೂ ಸರಿ. ಅದೇ ವರ್ಷ ಅಲ್ಲಿದ್ದ ಒಬ್ಬ ವೃದ್ಧರ ಮೈಮೇಲೆ ಕಂದಿದ ಗಾಯಗಳನ್ನು ಅವರ ಮನೆಯವರು ಕಂಡರು. ವೈದ್ಯರು ಬರೆದದ್ದಕ್ಕಿಂತ ಹತ್ತು ಪಟ್ಟು ಔಷಧಿ ಕೊಡಲಾಗಿತ್ತೆಂಬುದೂ ತಿಳಿಯಿತು. ಆ ಕುಟುಂಬ ದೂರು ಕೊಟ್ಟಿತು, ಬೆನ್ನು ಬಿಡಲಿಲ್ಲ. 2017ರಲ್ಲಿ ಆ ರಾಜ್ಯದ ಮುಖ್ಯ ಮನೋವೈದ್ಯರ ವರದಿ ಬಂದು ಕೇಂದ್ರ ಮುಚ್ಚಿತು. 2018ರಲ್ಲಿ ಇಡೀ ದೇಶದ ವೃದ್ಧರ ಆರೈಕೆಯನ್ನು ವಿಚಾರಿಸಲು ರಾಯಲ್ ಕಮಿಷನ್ ನೇಮಕವಾಯಿತು. ಅದರ 2019ರ ಮಧ್ಯಂತರ ವರದಿಗೆ ಅವರು ಇಟ್ಟ ಹೆಸರು ‘ನಿರ್ಲಕ್ಷ್ಯ’ ಎಂಬ ಅರ್ಥದ ಒಂದೇ ಪದ. 2021ರ ಅಂತಿಮ ವರದಿಯಲ್ಲಿ 148 ಶಿಫಾರಸುಗಳಿದ್ದವು. ಈಗ ಅಲ್ಲಿನ ವಸತಿ ಕೇಂದ್ರಗಳಲ್ಲಿ ದಿನದ 24 ಗಂಟೆಯೂ ತರಬೇತಾದ ನರ್ಸು ಇರಬೇಕೆಂಬ ನಿಯಮವಿದೆ. ತಲಾ ಒಬ್ಬ ವೃದ್ಧರಿಗೆ ದಿನಕ್ಕೆ ಸರಾಸರಿ 215 ನಿಮಿಷದ ಆರೈಕೆ ಸಲ್ಲಬೇಕೆಂದು ನಿಗದಿಯಾಗಿದೆ. ಮುಪ್ಪಿನವರ ಸೇವೆಯನ್ನು ನಿಮಿಷದ ಲೆಕ್ಕದಲ್ಲಿ ಬರೆಯಬೇಕಾಗಿ ಬಂತಲ್ಲ ಎಂದು ಬೇಸರವಾಗಬಹುದು. ಆದರೆ ಲೆಕ್ಕವಿಲ್ಲದ ಕಡೆ ಏನೂ ಸಿಗದೆ ಹೋದ ಮೇಲೆ ಲೆಕ್ಕವೇ ಲೇಸು.

ಈ ಎರಡೂ ಕಡೆ ಹಿಂಸೆಯನ್ನು ಮೊದಲು ಕಂಡದ್ದು ತಪಾಸಣೆಯ ಅಧಿಕಾರಿಯಲ್ಲ, ನೋಡಲು ಬಂದ ಮನೆಯವರು. ಯಾರನ್ನು ನೋಡಲು ಯಾರೂ ಬರುವುದಿಲ್ಲವೋ ಅವರ ಮೇಲೆ ಕೈ ಏಳುತ್ತದೆ. ಯಾವ ಹಿರಿಯರ ಮಗಳು ಯಾವ ದಿನ ಬಂದಾಳೋ ಗೊತ್ತಿಲ್ಲವೋ ಅವರ ಮಂಚದ ಬಳಿ ನೀರಿನ ತಂಬಿಗೆ ತುಂಬಿರುತ್ತದೆ. ಹಿರಿಯರನ್ನು ಆಶ್ರಮದ ಗೇಟಿನವರೆಗೆ ಬಿಟ್ಟು ಬಂದರೆ ಋಣ ತೀರುವುದಿಲ್ಲ, ಅಲ್ಲಿಂದಲೇ ಋಣದ ಇನ್ನೊಂದು ಪುಟ ಶುರು.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ ಎಂಬುದನ್ನೂ ಹಿರಿಯರು ತಿಳಿದಿರಬೇಕು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಕಾಯಿದೆ 2007ರಲ್ಲಿ ಬಂತು. ನಮ್ಮ ರಾಜ್ಯದಲ್ಲಿ ಅದರ ನಿಯಮಗಳು 2009ರಲ್ಲಿ ರೂಪುಗೊಂಡವು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ಮುಂದಿನ ನ್ಯಾಯಮಂಡಳಿಗೆ ಹಿರಿಯರು ಅರ್ಜಿ ಕೊಡಬಹುದು. ತಾವೇ ಹೋಗಲಾಗದಿದ್ದರೆ ತಾವು ಒಪ್ಪಿದ ಬೇರೊಬ್ಬರ ಮೂಲಕವೂ ಕೊಡಿಸಬಹುದು. ವಕೀಲರನ್ನು ಇಡಲೇಬೇಕೆಂದಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಆ ಮಂಡಳಿಗಿದೆ. ಹಿರಿಯರನ್ನು ಎಲ್ಲಾದರೂ ಬಿಟ್ಟು ಕೈತೊಳೆದುಕೊಂಡವರಿಗೆ 3 ತಿಂಗಳವರೆಗೆ ಸೆರೆವಾಸ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು.

ಆಸ್ತಿಯ ಮಾತು ಇನ್ನೂ ಮುಖ್ಯ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬಂತೆ ಮನೆ ಹೊಲ ಬರೆದುಕೊಟ್ಟ ಮರುತಿಂಗಳೇ ಆಶ್ರಮದ ದಾರಿ ಹಿಡಿದ ಹಿರಿಯರು ಎಷ್ಟೋ ಮಂದಿ. ನನ್ನನ್ನು ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟದ್ದಾದರೆ, ನೋಡಿಕೊಳ್ಳದಿದ್ದಾಗ ಆ ದಾನಪತ್ರವನ್ನು ರದ್ದು ಮಾಡಿಸಲು ಇದೇ ಕಾಯಿದೆಯ 23ನೆಯ ಕಲಂನಲ್ಲಿ ದಾರಿ ಇದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮಧ್ಯಪ್ರದೇಶದ ಒಬ್ಬ ತಾಯಿ ಮಗನಿಗೆ ಕೊಟ್ಟಿದ್ದ ದಾನವನ್ನು ಹೀಗೆಯೇ ರದ್ದುಗೊಳಿಸಿ ಆಸ್ತಿಯನ್ನು ಆಕೆಗೆ ಮರಳಿಸಿತು. ಆದರೆ ಷರತ್ತು ಬಾಯಿಮಾತಿನಲ್ಲಿ ಉಳಿದರೆ ಕೋರ್ಟಿನಲ್ಲಿ ಕಷ್ಟವಾಗುತ್ತದೆ. ಮಗನ ಮೇಲೆ ನಂಬಿಕೆ ಇರಲಿ, ಪತ್ರದಲ್ಲಿ ಆ ಒಂದು ಸಾಲೂ ಇರಲಿ.

ಆಶ್ರಮಗಳ ವಿಷಯದಲ್ಲಿ ಮಾತ್ರ ಕಾಯಿದೆ ಇನ್ನೂ ಸಡಿಲ. ಬಡ ಹಿರಿಯರಿಗಾಗಿ ಜಿಲ್ಲೆಗೊಂದರಂತೆ, ಕನಿಷ್ಠ 150 ಮಂದಿ ಇರಬಹುದಾದ ಆಶ್ರಮಗಳನ್ನು ರಾಜ್ಯ ಸರ್ಕಾರಗಳು ಸ್ಥಾಪಿಸಬಹುದು ಎಂದು ಅದು ಹೇಳುತ್ತದೆ. ಖಾಸಗಿ ಆಶ್ರಮಗಳೆಲ್ಲ ನೋಂದಣಿಯಾಗಬೇಕು, ಕನಿಷ್ಠ ಮಟ್ಟ ಕಾಯಬೇಕು ಎಂಬ ತಿದ್ದುಪಡಿಯ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದರೂ ಕಾಯಿದೆಯಾಗಲಿಲ್ಲ. ಹಾಗೆಂದು ಕಟ್ಟಿಹಾಕಿದವರನ್ನು, ಹೊಡೆದವರನ್ನು ಕೇಳುವವರಿಲ್ಲವೆಂದಲ್ಲ. ಮನುಷ್ಯನನ್ನು ಅಕ್ರಮವಾಗಿ ಕೂಡಿಹಾಕುವುದು, ಗಾಯಗೊಳಿಸುವುದು ಎಲ್ಲಿ ನಡೆದರೂ ಪೊಲೀಸು ಕೇಸೇ. ಹಿರಿಯರಿಗಾಗಿ 14567 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ, ಕರೆಗೆ ದುಡ್ಡಿಲ್ಲ. ಈ ಐದು ಅಂಕಿಗಳನ್ನು ಮನೆಯ ಗೋಡೆಯ ಮೇಲೆ ಇದ್ದಲಿನಲ್ಲಾದರೂ ಬರೆದಿಡಿ. ಒಂದು, ನಾಲ್ಕು, ಐದು, ಆರು, ಏಳು ಎಂದು ಮೊಮ್ಮಕ್ಕಳಿಂದ ಬಾಯಿಪಾಠ ಮಾಡಿಸಿಕೊಳ್ಳಿ.

ಮಕ್ಕಳಿಗೆ ನಾವು ಹೇಳುವುದು ಇಷ್ಟು. ಅನಿವಾರ್ಯವಾಗಿ ಆಶ್ರಮಕ್ಕೆ ಸೇರಿಸುವುದಾದರೆ ಹಗಲು ಒಮ್ಮೆ, ರಾತ್ರಿ ಒಮ್ಮೆ ಹೋಗಿ ನೋಡಿ. ಕಚೇರಿಯ ಕುರ್ಚಿಯಲ್ಲಿ ಕೂತು ಕಾಫಿ ಕುಡಿದು ಬರಬೇಡಿ. ಬಚ್ಚಲು ನೋಡಿ, ಅಡುಗೆಮನೆ ನೋಡಿ, ರಾತ್ರಿ ಎಷ್ಟು ಮಂದಿಗೆ ಎಷ್ಟು ಜನ ಇರುತ್ತಾರೆಂದು ಕೇಳಿ. ಬಾಗಿಲಿಗೆ ಹೊರಗಿನಿಂದ ಚಿಲಕವಿದೆಯೇ ಎಂದು ನೋಡಿ. ಅಲ್ಲಿರುವ ಹಿರಿಯರು ನೌಕರರು ಹತ್ತಿರ ಬಂದಾಗ ಮಾತು ನಿಲ್ಲಿಸುತ್ತಾರೋ, ಮುಂದುವರಿಸುತ್ತಾರೋ ಗಮನಿಸಿ. “ಮೊದಲೇ ತಿಳಿಸದೆ ಬರಬೇಡಿ” ಎನ್ನುವ ಕಡೆ ಸೇರಿಸಲೇಬೇಡಿ. ಸೇರಿಸಿದ ಮೇಲೆ ಪ್ರತಿ ಸಲ ಅದೇ ಭಾನುವಾರ ಅದೇ ಹೊತ್ತಿಗೆ ಹೋಗಬೇಡಿ. ಒಮ್ಮೆ ಬುಧವಾರ ಬೆಳಿಗ್ಗೆ ಹೋಗಿ, ಒಮ್ಮೆ ರಾತ್ರಿ ಊಟದ ಹೊತ್ತಿಗೆ ಹೋಗಿ. ಅಪ್ಪನ ಜೊತೆ ಒಂದರ್ಧ ಗಂಟೆ ಬೇರೆ ಯಾರೂ ಇಲ್ಲದಂತೆ ಕೂರಿ. “ಚೆನ್ನಾಗಿದೀಯಾ?” ಎಂದು ಕೇಳಿದರೆ “ಹ್ಞೂಂ” ಎಂದೇ ಉತ್ತರ ಬರುತ್ತದೆ. ಅದರ ಬದಲು ಬೆನ್ನು ಒರೆಸಿಕೊಡಿ, ಉಗುರು ಕತ್ತರಿಸಿಕೊಡಿ. ಕೈ ಮೈಯ ಮೇಲೆ ಇದ್ದಾಗ ಕಣ್ಣಿಗೆ ಕಾಣಬೇಕಾದದ್ದು ತಾನೇ ಕಾಣುತ್ತದೆ. ಬರುವಾಗ ಸೇವೆ ಮಾಡುವ ಹೆಣ್ಣುಮಗಳ ಹೆಸರು ಕೇಳಿ, ಅವಳ ಮಕ್ಕಳನ್ನು ವಿಚಾರಿಸಿ. ಅವಳನ್ನು ಗೌರವದಿಂದ ಕಂಡರೆ ಆ ಗೌರವ ನಿಮ್ಮ ತಂದೆಯ ಮಂಚದವರೆಗೆ ಹೋಗುತ್ತದೆ.

ಊರಿನವರಿಗೂ ಒಂದು ಕೆಲಸವಿದೆ. ನಿಮ್ಮ ಊರಿನ ಯಾವ ಹಿರಿಯರು ಯಾವ ಆಶ್ರಮದಲ್ಲಿದ್ದಾರೆ ಎಂದು ಲೆಕ್ಕ ಹಾಕಿ. ಆ ಪಟ್ಟಣಕ್ಕೆ ಸಂತೆಗೋ, ಆಸ್ಪತ್ರೆಗೋ, ಕೋರ್ಟಿಗೋ ಹೋದವರು ಒಂದು ಗಳಿಗೆ ಅತ್ತ ಹೋಗಿ ಬನ್ನಿ. ಮಳೆ ಬಂತೋ, ಶೇಂಗಾ ಎಷ್ಟಾಯಿತೋ, ಯಾರ ಮನೆಯಲ್ಲಿ ಮದುವೆಯೋ ಹೇಳಿ ಬನ್ನಿ. ಜಾತ್ರೆಗೆ ತೇರು ಕಟ್ಟಲು ಊರೆಲ್ಲ ಕೂಡುತ್ತದೆ. ತೇರೆಳೆದ ಹಳೆಯ ಕೈಗಳನ್ನು ನೋಡಿಬರಲು ಇಬ್ಬರು ಸಿಗುವುದಿಲ್ಲವೇ?

ಈ ಅಮಾವಾಸ್ಯೆಗೆ ಆ ಹಿರಿಯರು ಮತ್ತೆ ಬಂದರು. ಮಗನನ್ನೂ ಕರೆತಂದಿದ್ದರು. ಮೇಲೆ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದೆವು. ಅವನ ಕಣ್ಣು ತುಂಬಿತು. “ನನಗಿದೆಲ್ಲ ಹೊಳೆಯಲೇ ಇಲ್ಲ ಬುದ್ಧಿ. ದುಡ್ಡು ಕಟ್ಟಿದರೆ ಸಾಕು ಅಂದುಕೊಂಡಿದ್ದೆ” ಎಂದ. ಫೋನು ತಂದೆಯ ಕೈಯಲ್ಲೇ ಇರಬೇಕು, ನೋಡಲು ಬರುವವರ ಪಟ್ಟಿಯಲ್ಲಿ ಊರಿನ ಮೂವರ ಹೆಸರಿರಬೇಕು, ಮೂರು ತಿಂಗಳು ಇದ್ದು ನೋಡಿದ ಮೇಲೆಯೇ ಮುಂದಿನ ಮಾತು, ಅಲ್ಲಿಯವರೆಗೆ ಹೊಲ ಮನೆಯ ಪತ್ರ ಮುಟ್ಟಬಾರದು ಎಂದು ಒಪ್ಪಿಕೊಂಡ. ಊರಿನ ಮೂವರಲ್ಲಿ ಒಬ್ಬರು ಮಠಕ್ಕೆ ಬಂದು ಹೋಗುವವರೇ. ತಿಂಗಳಿಗೊಮ್ಮೆ ಅವರು ಕಂಡ ಸುದ್ದಿ ನಮಗೂ ಮುಟ್ಟುತ್ತದೆ.

ಹಿರಿಯರು ಎಲ್ಲವನ್ನೂ ಕೇಳಿಸಿಕೊಂಡು ಊರುಗೋಲು ಊರಿ ಎದ್ದರು. “ಹಂಗಾದ್ರೆ ಹೋಗಿ ನೋಡ್ತೀನಿ ಬುದ್ಧಿ. ಸರಿ ಕಾಣದಿದ್ರೆ ವಾಪಸ್ ಬರ್ತೀನಿ. ಮನೆ ಬೀಗದ ಕೈ ಮಾತ್ರ ನನ್ನ ಹತ್ರಾನೇ ಇರ್ಲಿ” ಎಂದು ಸೊಂಟದ ಉಡಿದಾರಕ್ಕೆ ಕಟ್ಟಿದ್ದ ಕೀಲಿಯನ್ನು ಮುಟ್ಟಿ ನೋಡಿಕೊಂಡರು.

ಮಗ ಅದನ್ನು ಕೇಳಲಿಲ್ಲ, ಕೇಳಬಾರದು ಕೂಡ. ಅವರಿಬ್ಬರೂ ನಮಸ್ಕರಿಸಿ ಊರಿನ ಬಸ್ಸಿಗೆ ಹೊರಟರು.